ಕಣ್ಣಿನ ಒತ್ತಡಕ್ಕೆ ಇಪ್ಪತ್ತನಾಲ್ಕು ಗಂಟೆಯ ಕಾವಲು

ಆರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರರಲ್ಲಿಗೆ ಹೋಗಿ ಒತ್ತಡ ಅಳೆಸಿಕೊಂಡು ಬರುವವರು ನಮ್ಮ ಓದುಗರಲ್ಲಿ ಕಡಿಮೆಯೇನಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್. ಫೈಲಿನಲ್ಲಿ 16 ಎಂದು ಬರೆಯುತ್ತಾರೆ. ಸದ್ಯ, ಎಲ್ಲ ಸರಿಯಿದೆ ಎಂದುಕೊಂಡು ಲೋಕಲ್ ಹಿಡಿದು ಮನೆಗೆ ಬರುತ್ತೇವೆ. ಆದರೆ ರಾತ್ರಿ ಮೂರು ಗಂಟೆಗೆ, ಅಂಗಾತ ಮಲಗಿ ನಿದ್ದೆ ಹೋಗಿದ್ದಾಗ, ಅದೇ ಕಣ್ಣಿನ ಒತ್ತಡ ಎಷ್ಟಿತ್ತು? ಅದು ಯಾರ ಫೈಲಿನಲ್ಲೂ ಇರುವುದಿಲ್ಲ.

ಕಣ್ಣೊಳಗಿನ ಒತ್ತಡವನ್ನು ಹಗಲೂ ರಾತ್ರಿ ಗಮನಿಸುವ ‘ಸ್ಮಾರ್ಟ್’ ಕಾಂಟಾಕ್ಟ್ ಲೆನ್ಸಿನ ವಿಡಿಯೊ ಒಂದನ್ನು ಠಾಣೆಯ ಓದುಗರೊಬ್ಬರು ಕಳಿಸಿದ್ದಾರೆ. ಜತೆಗೆ ಒಂದು ಪ್ರಶ್ನೆ: ‘ಊರಲ್ಲಿರುವ ನನ್ನ ಅಣ್ಣನಿಗೆ ಗ್ಲಾಕೋಮಾ. ಇದನ್ನು ಎಲ್ಲಿಂದಾದರೂ ತರಿಸಿ ಹಾಕಿಸಿದರೆ ಆದೀತೇ?’ ಒಂದು ಸಾಲಿನಲ್ಲಿ ಉತ್ತರ ಕೊಟ್ಟುಬಿಡಬಹುದಿತ್ತು. ಆದರೆ ಪ್ರಶ್ನೆಯೊಳಗೆ ಇನ್ನೂ ಒಂದೆರಡು ವಿಷಯಗಳಿವೆ, ಹಾಗಾಗಿ ಈ ತಿಂಗಳ ಅಂಕಣವನ್ನೇ ಅದಕ್ಕೆ ಕೊಡುತ್ತಿದ್ದೇನೆ.

ಮೊದಲು ಈ ಒತ್ತಡ ಎಂದರೇನೆಂದು ನೋಡೋಣ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತಿರುತ್ತದೆ, ಸದಾ ಹೊರಗೆ ಹರಿದುಹೋಗುತ್ತಲೂ ಇರುತ್ತದೆ. ನಲ್ಲಿ ಬಿಟ್ಟಿದೆ, ಬಚ್ಚಲ ಕಿಂಡಿಯಲ್ಲಿ ಕಸ ಸಿಕ್ಕಿಕೊಂಡಿದೆ ಎಂದುಕೊಳ್ಳಿ, ನೀರು ಏರುತ್ತದೆ. ಕಣ್ಣಿನಲ್ಲಿ ಏರುವುದು ಒತ್ತಡ. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಇದಕ್ಕೂ ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೂ ಸಂಬಂಧ ಕಲ್ಪಿಸಬೇಡಿ. ‘ನನ್ನ ಬಿ.ಪಿ. ನಾರ್ಮಲ್, ಕಣ್ಣಿನದೂ ಸರಿಯಿರಬೇಕು’ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಒತ್ತಡ ಹೆಚ್ಚಾಗಿಯೇ ಉಳಿದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸವೆಯುತ್ತದೆ. ನೋವಿಲ್ಲ, ಉರಿಯಿಲ್ಲ. ಹೆಚ್ಚಿನವರಲ್ಲಿ ನೋಟ ಅಂಚಿನಿಂದ ಹೋಗುತ್ತಾ ಬರುತ್ತದೆ, ನಡುವಿನ ನೋಟ ಚೆನ್ನಾಗಿಯೇ ಇರುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೇಪರ್ ಓದಬಲ್ಲವರು, ಸೂಜಿಗೆ ದಾರ ಪೋಣಿಸಬಲ್ಲವರು ಮೆಟ್ಟಿಲಿನಲ್ಲಿ ಎಡವುತ್ತಾರೆ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆಯೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಅದು ಇದೆಯೆಂದೇ ಗೊತ್ತಿಲ್ಲ.

ಇಲ್ಲೊಂದು ಗೊಂದಲವೂ ಉಂಟು. ನಮ್ಮ ಹಿರಿಯರಿಗೆ ಕಣ್ಣಿನ ಕಾಯಿಲೆ ಎಂದರೆ ಪೊರೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಾಂತರ ಜನರಿಗೆ ನೋಟ ಮರಳಿಸಿದ್ದನ್ನು ನೋಡಿದ ತಲೆಮಾರು ಅದು. ಮಂಜಾದರೆ ಆಪರೇಶನ್, ಆಮೇಲೆ ಕಾಣುತ್ತದೆ, ಇಷ್ಟು ಅವರ ಲೆಕ್ಕ. ಪೊರೆಯ ಮಟ್ಟಿಗೆ ಲೆಕ್ಕ ಸರಿಯೇ. ಗ್ಲಾಕೋಮಾದಲ್ಲಿ ಹೋದ ನೋಟ ಯಾವ ಆಪರೇಶನ್ನಿನಿಂದಲೂ ಬರುವುದಿಲ್ಲ. ಹನಿಮದ್ದು, ಲೇಸರ್, ಶಸ್ತ್ರಚಿಕಿತ್ಸೆ ಮೂರೂ ಇರುವುದು ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ.

ಈಗ ಲೆನ್ಸಿಗೆ ಬರೋಣ. ಒತ್ತಡ ಅಳೆಯಲು ಡಾಕ್ಟರರು ಇಂದಿಗೂ ಪ್ರಮಾಣವೆಂದು ನಂಬುವ ಉಪಕರಣವನ್ನು 1950ರ ದಶಕದಲ್ಲಿ ರೂಪಿಸಿದವರು ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್. ಕಾಕತಾಳೀಯವೋ ಏನೋ, ಲೆನ್ಸ್ ಬಂದದ್ದೂ ಆ ಗಡಿಯಾರದ ನಾಡಿನಿಂದಲೇ. ಲೋಸಾನ್ ನಗರದ ಸೆನ್ಸಿಮೆಡ್ ಕಂಪೆನಿಯ ‘ಟ್ರಿಗರ್‌ಫಿಶ್’ ಲೆನ್ಸಿಗೆ ಅಮೆರಿಕದ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಯುರೋಪಿನಲ್ಲಿ ಅದಕ್ಕೂ ಮೊದಲೇ ಬಳಕೆಗೆ ಬಂದಿತ್ತು. ಸಿಲಿಕೋನಿನ ಮೆತ್ತನೆಯ ಲೆನ್ಸು, ಅದರೊಳಗೆ ಕೂದಲೆಳೆಯಂಥ ತಂತಿಯ ಸಂವೇದಕ ಮತ್ತು ಒಂದು ಪುಟ್ಟ ಚಿಪ್. ಒತ್ತಡ ಏರಿದಾಗ ಕಣ್ಣಿನ ಮುಂಭಾಗ ನಮಗೆ ತಿಳಿಯದಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಆ ಎಳೆತವನ್ನು ಸಂವೇದಕ ಹಿಡಿಯುತ್ತದೆ. ಐದು ನಿಮಿಷಕ್ಕೊಮ್ಮೆ ಮೂವತ್ತು ಸೆಕೆಂಡು ದಾಖಲೆ, ದಿನಕ್ಕೆ 288 ಬಾರಿ. ಲೆನ್ಸಿನಲ್ಲಿ ಬ್ಯಾಟರಿ ಇಲ್ಲ. ಕಣ್ಣಿನ ಸುತ್ತ ಪ್ಲಾಸ್ಟರಿನಂತೆ ಅಂಟಿಸಿದ ಆಂಟೆನಾ ಅದಕ್ಕೆ ಶಕ್ತಿ ಕೊಡುತ್ತದೆ, ಅಲ್ಲಿಂದ ಒಂದು ವೈರು ನಾವು ಹೊತ್ತುಕೊಳ್ಳುವ ಪುಟ್ಟ ಪೆಟ್ಟಿಗೆಗೆ ಹೋಗುತ್ತದೆ. ವಿಡಿಯೊಗಳಲ್ಲಿ ಹೊಳೆಯುವ ಲೆನ್ಸು ಮಾತ್ರ ಕಾಣುತ್ತದೆ. ಈ ವೈರು, ಪ್ಲಾಸ್ಟರುಗಳನ್ನು ಯಾರೂ ತೋರಿಸುವುದಿಲ್ಲ.

ಹಾಕಿಕೊಳ್ಳುವುದು ಒಂದೇ ದಿನ, ಅದೂ ಡಾಕ್ಟರರು ಹೇಳಿದರೆ. ಕಣ್ಣು ಸ್ವಲ್ಪ ಕೆಂಪಾಗುವುದು, ಸ್ವಲ್ಪ ಹೊತ್ತು ನೋಟ ಮಸುಕಾಗುವುದು ಉಂಟು. ಮುಖ್ಯವಾದ ಮಾತೆಂದರೆ, ಅದು ಕೊಡುವ ಅಂಕಿ ಮಿಲಿಮೀಟರ್ ಪಾದರಸದಲ್ಲಿ ಇರುವುದಿಲ್ಲ. ಒತ್ತಡ 16 ಇತ್ತೋ 26 ಇತ್ತೋ ಅದು ಹೇಳದು. ಯಾವ ಹೊತ್ತಿಗೆ ಏರಿತು, ಯಾವ ಹೊತ್ತಿಗೆ ಇಳಿಯಿತು ಎಂಬ ಗೆರೆಯನ್ನಷ್ಟೇ ಕೊಡುತ್ತದೆ. ಎಫ್‌ಡಿಎ ಒಪ್ಪಿಗೆಯೂ ಅಷ್ಟಕ್ಕೇ: ಯಾವ ಹೊತ್ತಿನಲ್ಲಿ ಮಾಮೂಲು ಉಪಕರಣದಿಂದ ಅಳೆಯಬೇಕೆಂದು ಡಾಕ್ಟರರಿಗೆ ತೋರಿಸಲು. ಹನ್ನೊಂದು ಗಂಟೆಯ ಅಂಕಿ ಸರಿಯಿದ್ದರೂ ನೋಟ ಕಡಿಮೆಯಾಗುತ್ತಲೇ ಇರುವ ರೋಗಿಗೆ ಇದು ದೊಡ್ಡ ಉಪಕಾರ. ಎಲ್ಲರಿಗೂ ಬೇಕಾದ ವಸ್ತು ಅಲ್ಲ.

ಗೂಗಲ್ ಕೂಡ 2014ರಲ್ಲಿ ಒಂದು ಲೆನ್ಸಿನ ಸುದ್ದಿ ಎಬ್ಬಿಸಿತ್ತು, ನೆನಪಿರಬಹುದು. ಕಣ್ಣೀರಿನಿಂದ ಸಕ್ಕರೆ ಕಾಯಿಲೆಯವರ ಸಕ್ಕರೆ ಅಳೆಯುವ ಕನಸು ಅದು. ನೊವಾರ್ಟಿಸ್ ಕೈಜೋಡಿಸಿತು. 2018ರಲ್ಲಿ ಆ ಕೆಲಸ ನಿಂತಿತು, ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬುವಂಥ ತಾಳೆ ಸಿಗಲಿಲ್ಲ. ನನ್ನ ಮಟ್ಟಿಗೆ ಕಣ್ಣಿನ ಒತ್ತಡವನ್ನು ಕಣ್ಣಿನಲ್ಲೇ ಅಳೆಯಲು ಹೊರಟ ಸ್ವಿಸ್ ಕಂಪೆನಿಯದು ಹೆಚ್ಚು ವಿವೇಕದ ದಾರಿ.

ಈ ಲೆನ್ಸಿನಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆಯೇ ಒಂದು ಗುಣ. ಅದು ರೋಗಿಯನ್ನು ಏನೂ ಕೇಳುವುದಿಲ್ಲ. ಇದರ ಬೆಲೆ ಊರಿನಿಂದ ಹಿರಿಯರನ್ನು ಕರೆಸಿ ಪರೀಕ್ಷೆ ಮಾಡಿಸುವ ನಮಗೆ ಗೊತ್ತು. ಗ್ಲಾಕೋಮಾದಲ್ಲಿ ‘ಫೀಲ್ಡ್ ಟೆಸ್ಟ್’ ಎಂಬುದೊಂದಿದೆ. ಬಿಳಿ ಬೋಗುಣಿಯಂಥ ಯಂತ್ರದಲ್ಲಿ ಗಲ್ಲವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಗುಂಡಿ ಒತ್ತಬೇಕು. ಅಂಕೋಲೆಯಿಂದ ಬಂದಿದ್ದ ನನ್ನ ದೊಡ್ಡಮ್ಮನಿಗೆ ಇಲ್ಲಿಯ ಹುಡುಗಿ ಹಿಂದಿಯಲ್ಲಿ ಪಟಪಟನೆ ಹೇಳಿ ದೀಪ ಆರಿಸಿದಳು. ದೊಡ್ಡಮ್ಮನಿಗೆ ಅರ್ಥವಾದದ್ದು ‘ಲೈಟ್’, ‘ಬಟನ್’ ಎರಡೇ. ಹೊರಗೆ ಬಂದು, ‘ಎಲ್ಲಿ ಮಿಣುಕ್ತದೆ ಅಂತ ಹುಡುಕಿ ಹುಡುಕಿ ಸಾಕಾಯ್ತು ಮಾರಾಯ, ಒಂದನ್ನೂ ಬಿಡ್ಲಿಲ್ಲ’ ಎಂದಳು. ಕಣ್ಣು ಅಲ್ಲಾಡಿಸಿದರೆ ಆ ಪರೀಕ್ಷೆ ಕೆಟ್ಟಂತೆಯೇ, ವರದಿ ನಂಬುವಂತಿರಲಿಲ್ಲ. ಮರುವಾರ ಯಂತ್ರದ ಮುಂದೆ ಕೂರುವ ಮೊದಲೇ ಕನ್ನಡದಲ್ಲಿ ಹೇಳಿದೆ: ‘ದೊಡ್ಡಮ್ಮ, ದೀಪ ಹುಡುಕೂದು ಬೇಡ. ನಡುವಿಂದೇ ನೋಡ್ತಾ ಕೂತ್ಕೋ. ಓರೆಯಲ್ಲಿ ಮಿಣುಕಿದ್ದು ತಾನಾಗಿ ಕಂಡ್ರೆ ಒತ್ತು. ಕಾಣದಿದ್ರೆ ಒತ್ತಬೇಡ, ಇದು ಪರೀಕ್ಷೆ ಪಾಸಾಗೂದಲ್ಲ.’ ಎಡಗಣ್ಣಿನ ಮೇಲ್ಭಾಗದಲ್ಲಿ ನೋಟ ಹೋಗಿರುವುದು ಆಗ ಕಂಡಿತು. ರಾತ್ರಿಯ ಹನಿಮದ್ದು ಶುರುವಾದದ್ದು ಆ ವರದಿಯ ಮೇಲೆ.

ಲೆನ್ಸು ಎಷ್ಟೇ ಜಾಣವಾದರೂ ಈ ಫೀಲ್ಡ್ ಟೆಸ್ಟಿನ ಜಾಗಕ್ಕೆ ಬರಲಾರದು. ಒತ್ತಡ ಸಾಮಾನ್ಯ ಮಿತಿಯಲ್ಲೇ ಇದ್ದು ನರ ಸವೆಯುವ ಗ್ಲಾಕೋಮಾವೂ ಇದೆ. ಹಾಗಾಗಿ ಒತ್ತಡ, ನರದ ತಪಾಸಣೆ, ಫೀಲ್ಡ್ ಟೆಸ್ಟ್ ಮೂರನ್ನೂ ಸೇರಿಸಿಯೇ ಡಾಕ್ಟರರು ತೀರ್ಮಾನಕ್ಕೆ ಬರುವುದು.

ಠಾಣೆಯ ಮಿತ್ರರೇ, ಅಣ್ಣನಿಗೆ ಲೆನ್ಸು ತರಿಸುವ ಯೋಚನೆ ಸದ್ಯ ಬಿಡಿ. ಅವರು ಹನಿಮದ್ದು ದಿನಾ ಹಾಕುತ್ತಿದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸಿ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಕೊಂಡರೆ ಮದ್ದು ಗಂಟಲಿಗಿಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕಣ್ಣು ಕೆರೆತಕ್ಕೆಂದು ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಮನೆಯಲ್ಲಿದ್ದರೆ ಡಾಕ್ಟರರಿಗೆ ತೋರಿಸಲಿ, ಅದನ್ನು ಬಹುಕಾಲ ಹಾಕಿದರೆ ಕೆಲವರಲ್ಲಿ ಒತ್ತಡ ಏರುತ್ತದೆ.

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ನಿಮ್ಮ ಕಣ್ಣಿನ ಬಗ್ಗೆ ಒಂದು ಮಾತೂ ಇಲ್ಲ. ಒಡಹುಟ್ಟಿದವರಿಗೆ ಅಥವಾ ತಂದೆತಾಯಿಗೆ ಗ್ಲಾಕೋಮಾ ಇದ್ದವರಿಗೆ ಅದು ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ನಲವತ್ತು ದಾಟಿದ್ದರೆ ಈ ತಿಂಗಳೇ ತೋರಿಸಿ; ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿಕೊಂಡದ್ದು ಇದಕ್ಕೆ ಸಾಲದು. ಅಣ್ಣನ ಕಾಯಿಲೆಯ ವಿಷಯವನ್ನು ಡಾಕ್ಟರರು ಕೇಳುವ ಮೊದಲೇ ಹೇಳಿ. ಫೈಲಿನಲ್ಲಿ ಒತ್ತಡದ ಅಂಕಿ ಬರೆದಾಗ ಪಕ್ಕದಲ್ಲಿ ಗಂಟೆಯನ್ನೂ ಬರೆಸಿಕೊಳ್ಳಿ. ಮುಂದಿನ ಬಾರಿ ಬೆಳಿಗ್ಗೆ ಎಂಟರ ಅಪಾಯಿಂಟ್‌ಮೆಂಟ್ ಕೇಳಿ, ಅದರ ಮುಂದಿನ ಬಾರಿ ಸಂಜೆಯದು.