ಗೆಡು ಬಾಡಿರೆ ಸೊಸೆ ಎಂತ ಮಾಡೆಕ್ಕು?

ಸಿಟೌಟಿಲಿಪ್ಪ ಮನಿಪ್ಲಾಂಟಿನ ಎರಡು ಎಲೆ ಅರಶಿನ ಆದರೆ ಸಾಕು, ನಮ್ಮ ಹೊಡೆಲಿ ಆರೂ ಚಟ್ಟಿಯ ಮಣ್ಣಿಂಗೆ ಬೆರಳು ಹಾಕಿ ನೋಡ್ತವಿಲ್ಲೆ. "ಆರು ಮುಟ್ಟಿದ್ದು?" ಹೇಳಿ ಕೇಳ್ತವು. ಕಣ್ಣು ಸೀದಾ ಹೋಪದು ಹೊಸತ್ತಾಗಿ ಬಂದ ಸೊಸೆಯ ಹೊಡೆಂಗೆ. ಅದಕ್ಕೆ ಕೈಗುಣ ಇಲ್ಲೆ ಹೇಳುದು ಒಂದು ಮಾತು. ಮೂರು ದಿನ ಹೆರ ಇಪ್ಪಗ ಮುಟ್ಟಿಕ್ಕು ಹೇಳುದು ಇನ್ನೊಂದು. ಮನಿಪ್ಲಾಂಟು ಒಣಗಿರೆ ಮನೆಯ ಪೈಸೆಯೂ ಒಣಗುಗು ಹೇಳುವ ನಂಬಿಕೆ ಬೇರೆ ಇದ್ದನ್ನೆ, ಹಾಂಗಾಗಿ ಒಂದು ಎಲೆಯ ಲೆಕ್ಕ ಆ ಕೂಸಿನ ತಲೆ ಮೇಲೆ ಸಾಲದ ಹಾಂಗೆ ಕೂರ್ತು.

ಹೀಂಗೆ ಹೇಳುವವು ಕೆಟ್ಟವು ಅಲ್ಲ, ನಮ್ಮ ಅತ್ತೆಕ್ಕೊ, ದೊಡ್ಡಮ್ಮಂದ್ರೇ. ಆದರೆ ಮಾತು ತಪ್ಪು, ಆನು ಅದರ ತಪ್ಪು ಹೇಳಿಯೇ ಹೇಳುದು.

ಅಡಕ್ಕೆಗೆ ಕೊಳೆರೋಗ ಬಂದರೆ ಆರಾದರೂ ಕೈಗುಣದ ಮಾತು ತೆಗೆತ್ತವೋ? ಇಲ್ಲೆ. ಮಳೆ ಬಿಟ್ಟಿದಿಲ್ಲೆ, ಮದ್ದು ಬಿಡ್ಲೆ ತಡವಾತು ಹೇಳ್ತವು. ಮೈಲುತುತ್ತು, ಸುಣ್ಣ ತೂಗಿ ಬೋರ್ಡೋ ಕಲಸುತ್ತವು. ಗೆಂಡುಮಕ್ಕಳ ತೋಟಕ್ಕೆ ರೋಗ ಬಂದರೆ ಅದಕ್ಕೊಂದು ಕಾರಣ ಇದ್ದು, ಹೆಮ್ಮಕ್ಕಳ ಚಟ್ಟಿಗೆ ರೋಗ ಬಂದರೆ ಹೆಮ್ಮಕ್ಕಳೇ ಕಾರಣ. ಇದೆಂತ ಲೆಕ್ಕ?

ಮನಿಪ್ಲಾಂಟು ಪೆಸಿಫಿಕ್ ಸಮುದ್ರದ ಮೊರೆಯಾ ಹೇಳುವ ಸಣ್ಣ ದ್ವೀಪದ ಬಳ್ಳಿ. ನಮ್ಮ ಚಟ್ಟಿಲಿ ಅದು ಹೂಗು ಬಿಡ್ತಿಲ್ಲೆ. ಹೂಗಿಲ್ಲದ್ದ ಮೇಲೆ ಬೀಜ ಎಲ್ಲಿಂದ? ಕೊಡಿ ಕಡುದು ಕೊಟ್ಟು, ಕೊಡಿ ಕಡುದು ಕೊಟ್ಟೇ ಊರಿಡೀ ಹಬ್ಬಿದ್ದು. ಎನ್ನಂದ ಆಚಕರೆ ಅತ್ತಿಗೆ ತೆಕ್ಕೊಂಡು ಹೋದ ಕೊಡಿಯೂ ಎನ್ನ ಚಟ್ಟಿಲಿಪ್ಪದೂ ಒಂದೇ ಬಳ್ಳಿಯ ಎರಡು ತುಂಡು. ಅಲ್ಲಿ ಸೊಕ್ಕಿ ಇಲ್ಲಿ ಬಾಡಿರೆ ವ್ಯತ್ಯಾಸ ಹುಡುಕ್ಕೆಕ್ಕಾದ್ದು ಕಿಟಿಕಿಲಿ, ನೀರ ಚೆಂಬಿಲಿ.

ಹೆಚ್ಚಿನ ಸರ್ತಿ ಚೆಂಬಿಲಿಯೇ. ದೀಪ ಹೊತ್ತುಸುವ ಹಾಂಗೆ ದಿನಾಗಳೂ ಒಂದು ಚೆಂಬು ಎರವದು ನಮ್ಮ ಕ್ರಮ. ಎಪ್ರಿಲ್ಲಿಲಿ ಅದು ನಡೆಗು. ಆಟಿಲಿ, ಗೋಡೆಯೇ ಬೆಗರುವ ಮಳೆಲಿ, ವಾರ ಆದರೂ ಚಟ್ಟಿಯ ಮಣ್ಣು ಒಣಗುತ್ತಿಲ್ಲೆ. ಬೇರಿಂಗೂ ಉಸುಲು ಬೇಕು. ಮಣ್ಣಿನ ಸಂದಿಲಿ ಗಾಳಿ ಇರೆಕ್ಕಾದಲ್ಲಿ ನೀರೇ ತುಂಬಿರೆ ಬೇರು ಕೊಳೆತ್ತು. ಬೇರು ಕೊಳದರೆ ನೀರು ಮೇಲೆ ಹೋವುತ್ತಿಲ್ಲೆ, ಎಲೆ ಬಾಡುತ್ತು. ಬಾಡಿತ್ತು ಹೇಳಿ ನಾವು ಮತ್ತೊಂದು ಚೆಂಬು ಎರೆತ್ತು!

ಬುಡದ ಒಂದು ಹಳೆ ಎಲೆ ಅರಶಿನ ಆದರೆ ತಲೆಬೆಶಿ ಇಲ್ಲೆ, ಪ್ರಾಯ ಆತು ಅಷ್ಟೆ. ಒಂದರ ಹಿಂದೆ ಒಂದು ಅರಶಿನ ಆಗಿ, ಮಣ್ಣು ಚೆಂಡಿ ಇದ್ದರೆ ನೀರು ಹೆಚ್ಚಾಯಿದು. ಮಣ್ಣು ಒಣಗಿ ಎಲೆ ಸೊರಗಿದ್ದರೆ ನೀರು ಕಮ್ಮಿ. ಎರದ ದಿನವೇ ಎದ್ದು ನಿಲ್ಲುಗು. ಬೆರಳಿನ ಎರಡು ಗೆಂಟಿನಷ್ಟು ಮಣ್ಣಿಂಗೆ ಹಾಕಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು. ಕೊಳದ್ದೋ ಹೇಳಿ ಸಂಶಯ ಇದ್ದರೆ ಚಟ್ಟಿಂದ ಕಳಚ್ಚಿ ನೋಡಿ. ಒಳ್ಳೆ ಬೇರು ಬೆಳಿಯಾಗಿ ಗಟ್ಟಿ ಇರ್ತು. ಕೊಳದ್ದು ಕಪ್ಪಾಗಿ ಲೊಳಲೊಳ, ಎಳದರೆ ಚೋಲಿ ಜಾರಿ ಬತ್ತು, ನಾತ ಬೇರೆ. ಅದರೆಲ್ಲ ಕಡುದು ತೆಗದು, ಹೊಸ ಮಣ್ಣಿಂಗೆ ರಜ್ಜ ಹೊಯಿಗೆ, ತೆಂಗಿನ ನಾರಿನ ಹೊಡಿ ಸೇರ್ಸಿ ನೆಡಿ. ಬುಡವೇ ಹೋಗಿದ್ದರೆ ಕೊಡಿಯ ಗೆಂಟಿಂದ ರಜ್ಜ ಕೆಳ ಕಡುದು, ಕುಪ್ಪಿಲಿ ನೀರು ಹಾಕಿ ಮಡುಗಿ. ಬೇರು ಬಪ್ಪದು ಗೆಂಟಿಂದಲೇ, ಬರೇ ಎಲೆ ಮಡುಗಿರೆ ಗೆಡು ಆಗ. ಚಟ್ಟಿಯ ಅಡಿಲಿ ಒಟ್ಟೆ ಇದ್ದೋ, ಅದನ್ನೂ ನೋಡಿ. ಪೇಟೆಂದ ತಪ್ಪ ಚೆಂದದ ಪಿಂಗಾಣಿ ಚಟ್ಟಿಗೊಕ್ಕೆ ಎಷ್ಟೋ ಸರ್ತಿ ಒಟ್ಟೆಯೇ ಇರ್ತಿಲ್ಲೆ.

ಬೆಳಿ-ಪಚ್ಚೆ ಪಟ್ಟೆಯದ್ದರ ಕತೆ ಬೇರೆ. "ಕೊಡುವಗ ಬೆಳಿ ಇತ್ತು, ಇಲ್ಲಿಗೆ ಬಂದು ಪೂರಾ ಪಚ್ಚೆ ಆತು, ಕೊಟ್ಟವರ ಮನಸ್ಸು ಸರಿ ಇತ್ತಿಲ್ಲೆ" ಹೇಳುದರ ಕೇಳಿ ಎನಗೆ ನೆಗೆ ಬಂತು. ಎಲೆಯ ಬೆಳಿ ಭಾಗಲ್ಲಿ ಪತ್ರಹರಿತ್ತು ಇಲ್ಲೆ. ಅದು ಅಡಿಗೆ ಮಾಡ್ತಿಲ್ಲೆ, ಉಂಬದು ಮಾತ್ರ. ಪಚ್ಚೆ ಭಾಗ ಬೇಶಿದ್ದರಲ್ಲಿ ಎರಡೂ ಬದುಕ್ಕೆಕ್ಕು. (ಹಾಂಗಿಪ್ಪವು ನಿಂಗಳ ಮನೆಲಿಯೂ ಇಕ್ಕು, ಹೆಸರು ಬೇಡ.) ಕತ್ತಲೆ ಮೂಲೆಲಿ ಮಡುಗಿರೆ ಹೊಸ ಎಲೆಗೊ ಪಚ್ಚೆಯೇ ಬತ್ತವು. ಕಿಟಿಕಿ ಹತ್ತರೆ, ಬೆಶಿಲು ನೇರ ಬೀಳದ್ದ ಬೆಳಕಿಲಿ ಮಡುಗಿ. ಪಚ್ಚೆ ಆದ ಬಳ್ಳಿಯ ಪಟ್ಟೆ ಇಪ್ಪ ಗೆಂಟಿನ ವರೆಗೆ ಕಡುದರೆ ಅಲ್ಲಿಂದ ಪಟ್ಟೆ ಎಲೆ ಬಪ್ಪಲೂ ಸಾಕು. ಆಗಲೇ ಪಚ್ಚೆ ಆದ ಎಲೆ ಮತ್ತೆ ಬೆಳಿ ಆಗ. ಬೆಳಕು ಬೇಕು ಹೇಳಿ ಜಾಲಿಲಿ ಮಡುಗೆಡಿ. ಮಧ್ಯಾಹ್ನದ ಬೆಶಿಲಿಂಗೆ ಬೆಳಿ ಭಾಗವೇ ಮೊದಾಲು ಕರಂಚುದು.

ಗೆಂಟಿನ ಸಂದಿಲಿ ಹತ್ತಿಯ ಹಾಂಗೆ ಕಂಡರೆ ಆರ ದೃಷ್ಟಿಯನ್ನೂ ತೆಗವಲೆ ಹೋಗೆಡಿ, ಅದು ಹಿಟ್ಟು ತಿಗಣೆ. ಸಾಬೂನು ನೀರಿಲಿ ವಸ್ತ್ರ ಅದ್ದಿ ಉದ್ದಿ, ವಾರಕ್ಕೊಂದರಿ ಅದೇ ನೀರಿಂಗೆ ರಜ್ಜ ಬೇವಿನೆಣ್ಣೆ ಸೇರ್ಸಿ ಬಿಡಿ. ಮಿನುಗಲಿ ಹೇಳಿ ಎಲೆಗೆ ತೆಂಗಿನೆಣ್ಣೆ ಉದ್ದುದು ಮಾತ್ರ ಬೇಡ.

ಇನ್ನು ಆ ಮೂರು ದಿನದ ಮಾತು. ಇದರ ನಮ್ಮ ಅಜ್ಜಿಯಕ್ಕೊ ಮಾತ್ರ ಹೇಳಿದ್ದಲ್ಲ. ಡಿಫ್ತೀರಿಯಾದ ಶಿಕ್ ಪರೀಕ್ಷೆ ಹೇಳಿ ಇತ್ತಲ್ಲದೋ, ಅದರ ಮಾಡಿದ ಡಾಕ್ಟ್ರು ಬೇಲಾ ಶಿಕ್, ವಿಯೆನ್ನಾಲ್ಲಿ ಇದ್ದವು. ಮುಟ್ಟಾದ ಕೆಲಸದ ಹೆಮ್ಮಕ್ಕಳ ಕೈಲಿ ಹೂಗು ಬಾಡಿತ್ತು, ಅವರಲ್ಲಿ ಎಂತದೋ ವಿಷ ಇದ್ದು ಹೇಳಿ ಅವು 1920ರಲ್ಲಿ ಬರದವು. ಕೆಲವು ವರ್ಷ ಅದರ ಹಿಂದೆ ಬಿದ್ದವೂ ಇದ್ದವು. ಹಾಂಗಿಪ್ಪ ವಿಷ ಇದ್ದು ಹೇಳಿ ಕಡೆಂಗೂ ನಿಜ ಆಯಿದಿಲ್ಲೆ.

"ಎಂಗೊ ಕಣ್ಣಾರೆ ನೋಡಿದ್ದು" ಹೇಳ್ತವು. ನೋಡಿಕ್ಕು. ಮೂರು ಹೆಮ್ಮಕ್ಕೊ ಇಪ್ಪ ಮನೆಲಿ ತಿಂಗಳಿಲಿ 8-9 ದಿನ ಆರಾದರೊಬ್ಬ ಹೆರ ಇಪ್ಪದೇ. ಎಲೆ ಏವ ದಿನ ಅರಶಿನ ಆದರೂ ಹಿಂದಾಣ ಒಂದೆರಡು ವಾರ ಲೆಕ್ಕ ಹಾಕಿರೆ ಒಂದು ಹೆಸರು ಸಿಕ್ಕಿಯೇ ಸಿಕ್ಕುತ್ತು. ಆ ವಾರ ಎಷ್ಟು ಚೆಂಬು ನೀರು ಎರದ್ದು ಹೇಳಿ ಮಾತ್ರ ಆರೂ ಲೆಕ್ಕ ಹಾಕಿದ್ದವಿಲ್ಲೆ.

ಇದರಿಂದ ಅಪ್ಪದೆಂತ? ಸೊಸೆಕ್ಕೊ ಗೆಡುವಿನ ಹತ್ತರಂಗೇ ಹೋವುತ್ತವಿಲ್ಲೆ. ಬಾಡುದರ ಕಂಡರೂ ಬಾಯಿ ಬಿಡ್ತವಿಲ್ಲೆ, ಹೇಳಿರೆ ಎನ್ನ ತಲೆಗೇ ಬಕ್ಕು ಹೇಳಿ ಹೆದರಿಕೆ. ಮೊದಾಲು ಕಂಡವು ಸುಮ್ಮನೆ ಕೂದರೆ ಬೇರು ಕೊಳವಲೆ ಬೇಕಾದಷ್ಟು ಸಮಯ ಸಿಕ್ಕುತ್ತು. ಗೆಡುವಿಂಗಪ್ಪ ಕತೆಯೇ ಆ ಕೂಸಿಂಗೂ ಅಪ್ಪದು, ಮನೆಲಿ ಎಂತ ಕಂಡರೂ ಹೇಳ್ಲಾಗ ಹೇಳಿ ಕಲಿತ್ತು.

ಮುಟ್ಳಾಗ ಹೇಳುದಾದರೆ ಸಣ್ಣ ಮಕ್ಕಳತ್ರೆ ಹೇಳಿ. ಮನಿಪ್ಲಾಂಟು ಕೆಸುವಿನ ಕುಲದ್ದೇ. ಪತ್ರೊಡೆಗೆ ಹುಳಿ ಕಮ್ಮಿ ಆದರೆ ಗಂಟಲು ತೊರುಸುತ್ತಲ್ಲದೋ, ಅದೇ ಸೂಜಿಯ ಹಾಂಗಿಪ್ಪ ಹರಳು ಇದರ ಎಲೆಲಿಯೂ ಇದ್ದು. ಅಗುದರೆ ಬಾಯಿ ಉರಿದು ಬೀಗುಗು. ಮಕ್ಕಳ ಕೈಗೂ ನಾಯಿ-ಪುಚ್ಚೆಯ ಬಾಯಿಗೂ ಸಿಕ್ಕದ್ದ ಹಾಂಗೆ ಎತ್ತರಲ್ಲಿ ಮಡುಗಿ.

ಕದ್ದು ತಂದರೆ ಮಾತ್ರ ಮನಿಪ್ಲಾಂಟು ಸೊಕ್ಕುತ್ತು ಹೇಳುದೂ ಒಂದು ಇದ್ದನ್ನೆ. ಎನ್ನ ಕಿಟಿಕಿಲಿ ಐದು ಕುಪ್ಪಿಲಿ ಬೇರು ಬಂದ ಕೊಡಿಗೊ ಇದ್ದು. ಬೇಕಾದವು ಕೇಳಿಯೇ ತೆಕ್ಕೊಂಡು ಹೋಗಿ. ಬಪ್ಪಗ ಸೊಸೆಯನ್ನೂ ಕರಕ್ಕೊಂಡು ಬನ್ನಿ, ಅದರ ಕೈಲಿಯೇ ಕೊಡ್ತೆ.