ದೊಡ್ಡ ಬಾಸ್ ಮೀನಿಗೆ ದುಬಾರಿ ಗಾಳ ಬೇಕಿಲ್ಲ

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಎಂಬ ಯುವ ರೈತ 22 ಪೌಂಡ್ 4 ಔನ್ಸ್ ತೂಗುವ ಲಾರ್ಜ್‌ಮೌತ್ ಬಾಸ್ ಹಿಡಿದರು. ನಮ್ಮ ಲೆಕ್ಕದಲ್ಲಿ 10 ಕಿಲೋಗೂ ತುಸು ಹೆಚ್ಚು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಪೆರ್ರಿ ಮತ್ತು ಅವರ ಗೆಳೆಯನ ನಡುವೆ ಇದ್ದದ್ದು ಒಂದೇ ಕೋಲು. ಸರದಿಯ ಮೇಲೆ ಎಸೆಯುತ್ತಿದ್ದರು. ಮೀನು ಮನೆಮಂದಿಯ ಊಟಕ್ಕಾಯಿತು, ತೂಕ ಮಾತ್ರ ವಿಶ್ವದಾಖಲೆಯಾಗಿ ಉಳಿಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು ಅದಕ್ಕೆ ಸಮನಾಯಿತೇ ಹೊರತು ನಿಯಮದ ಪ್ರಕಾರ ಅದನ್ನು ಮುರಿಯಲಿಲ್ಲ.

ಇಂದು ಡಲ್ಲಾಸ್ ಅಥವಾ ಆಸ್ಟಿನ್‌ನಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಗಾಳ ಹಾಕುವ ಹವ್ಯಾಸ ಶುರು ಮಾಡೋಣವೆಂದು ಅಂಗಡಿಗೆ ಹೋದರೆ, ಗೋಡೆ ತುಂಬ ನೇತಾಡುವ ಕೋಲು, ರೀಲು, ಬಣ್ಣಬಣ್ಣದ ಲ್ಯೂರ್‌ಗಳ (ಕೃತಕ ಎರೆಗಳ) ಮುಂದೆ ತಬ್ಬಿಬ್ಬಾಗುವುದು ಸಹಜ. ಅಲ್ಲಿ ನೆನಪಿಡಬೇಕಾದ್ದು ಇಷ್ಟು. ಮೀನು ಕಚ್ಚುವುದು ನೀವು ಎಲ್ಲಿ, ಯಾವಾಗ ಎಸೆದಿರಿ ಎಂಬುದರ ಮೇಲೆ. ಕಚ್ಚಿದ ಮೀನು ದಡಕ್ಕೆ ಬರುವುದು ಸಲಕರಣೆಯ ಮೇಲೆ. ಹಾಗಾಗಿ ಎಳೆತದ ಭಾರ ಎಲ್ಲಿ ಬೀಳುತ್ತದೋ ಅಲ್ಲಿಗೆ ಮೊದಲು ಹಣ ಹಾಕಿ.

ದೊಡ್ಡ ಬಾಸ್ ಬಯಲು ನೀರಿನಲ್ಲಿ ಅಡ್ಡಾಡುವುದು ಕಡಿಮೆ. ಜೊಂಡು, ಮುಳುಗಿದ ಮರ, ದೋಣಿಕಟ್ಟೆಯ ನೆರಳಲ್ಲಿ ಅಡಗಿ ಕೂತು, ಹತ್ತಿರ ಬಂದದ್ದರ ಮೇಲೆ ಎರಗುತ್ತದೆ. ಕಚ್ಚಿದ ಕ್ಷಣವೇ ಮತ್ತೆ ಆ ಪೊದೆಯೊಳಕ್ಕೆ ನುಗ್ಗುತ್ತದೆ. ತೆಳ್ಳನೆಯ, ಬಳುಕುವ ಕೋಲು ಅದನ್ನು ತಡೆಯಲಾರದು. 7 ಅಡಿ ಉದ್ದದ, ‘ಮೀಡಿಯಂ-ಹೆವಿ’ ಎಂದು ಬರೆದಿರುವ ಕೋಲು ಕೊಳ್ಳಿ. ಅದರ ಜೊತೆಗೆ ‘ಫಾಸ್ಟ್ ಆಕ್ಷನ್’ ಎಂದೂ ಇರಲಿ. ಮೊದಲನೆಯದು ಕೋಲಿನ ಕಸುವು. ಎರಡನೆಯದೆಂದರೆ ತುದಿ ಮಾತ್ರ ಬಾಗಿ, ಕೆಳಭಾಗ ಬಿಗಿಯಾಗಿರುವ ಗುಣ. ದಪ್ಪ ಕೊಕ್ಕೆಯನ್ನು ಮೀನಿನ ಗಟ್ಟಿ ಬಾಯಿಗೆ ನಾಟಿಸಲು ಎರಡೂ ಬೇಕು.

ರೀಲಿನಲ್ಲಿ ಹೊಸಬರಿಗೆ ಸ್ಪಿನ್ನಿಂಗ್ ರೀಲೇ ಸರಿ, 3000 ಸೈಜಿನದು. ಪಳಗಿದವರ ಕೈಯಲ್ಲಿ ಕಾಣುವ ಬೇಟ್‌ಕಾಸ್ಟರ್ ನೋಡಿ ಆಸೆಪಡಬೇಡಿ. ಅದರ ಉರುಳೆ ಎಸೆತಕ್ಕಿಂತ ವೇಗವಾಗಿ ತಿರುಗಿದರೆ ದಾರವೆಲ್ಲ ಗೋಜಲಾಗುತ್ತದೆ, ಅಗ್ಗದ ಬೇಟ್‌ಕಾಸ್ಟರ್‌ನಲ್ಲಂತೂ ಈ ಕಾಟ ಹೆಚ್ಚು. ಡಬ್ಬದ ಮೇಲೆ ಎಷ್ಟು ಬೇರಿಂಗ್ ಎಂದು ಬರೆದಿದೆ ಎಂಬುದು ಮುಖ್ಯವಲ್ಲ, ನೋಡಬೇಕಾದ್ದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಕಡಿಯುವ ಮೊದಲೇ ರೀಲು ಬ್ರೇಕ್ ಹಿಡಿದುಕೊಂಡೇ ದಾರ ಬಿಟ್ಟುಕೊಡುವ ವ್ಯವಸ್ಥೆ ಅದು. ಅಂಗಡಿಯಲ್ಲೇ ಕೈಯಿಂದ ಎಳೆದು ನೋಡಿ. ಒಂದೇ ಸಮನೆ, ನುಣುಪಾಗಿ ಬರಬೇಕು. ತಡೆದು ತಡೆದು ಜಗ್ಗಿದಂತಾದರೆ ಆ ರೀಲು ಬೇಡ, ದೊಡ್ಡ ಮೀನಿನ ದಾರ ತುಂಡಾಗುವುದು ಆ ಜಗ್ಗಿನಲ್ಲೇ. ಕೋಲು, ರೀಲು ಸೇರಿ 100 ಡಾಲರಿನೊಳಗೆ ಇಂಥ ಜೋಡಿ ಸಿಗುತ್ತದೆ.

ದಾರದಲ್ಲಿ ಜಿಪುಣತನ ಮಾಡಬೇಡಿ. 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ) ತೆಳುವಾಗಿರುತ್ತದೆ, ಹಿಗ್ಗುವುದೂ ಇಲ್ಲ. ಅದು ಬೋಳು ಉರುಳೆಯ ಮೇಲೆ ಜಾರುವುದರಿಂದ ಕೆಳಗೆ ಮೊದಲು ಸ್ವಲ್ಪ ಸಾದಾ ನೈಲಾನ್ ದಾರ ಸುತ್ತಿ. ತುದಿಗೆ ಕೆಲವು ಅಡಿ 15 ಪೌಂಡಿನ ಫ್ಲೋರೋಕಾರ್ಬನ್ ಕಟ್ಟಿ, ಅದು ನೀರಿನಲ್ಲಿ ಎದ್ದು ಕಾಣುವುದಿಲ್ಲ. ಗಂಟು ಬಿಗಿಯುವ ಮುನ್ನ ಒದ್ದೆ ಮಾಡುವುದನ್ನು ಮರೆಯಬೇಡಿ. ಒಣ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಡ್ರ್ಯಾಗನ್ನು ತುದಿಯ 15 ಪೌಂಡಿನ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ, ಇಲ್ಲಿ ನಾಲ್ಕೈದು ಪೌಂಡಿಗೆ, ಹೊಂದಿಸಿಕೊಳ್ಳಿ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಪುಟ್ಟ ತೂಕದ ಕೊಕ್ಕೆ ಮನೆಯಲ್ಲಿದ್ದರೆ ಅದರಲ್ಲೇ ಅಳೆಯಬಹುದು.

ಇನ್ನು ಲ್ಯೂರ್. ಹರಿತವಾದ ಒಳ್ಳೆಯ ಕೊಕ್ಕೆ, 10 ಗ್ರಾಂ ಆಸುಪಾಸಿನ ಗುಂಡು, 10 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು, ಇಷ್ಟರಲ್ಲೇ ಒಂದು ವರ್ಷ ಕಳೆಯಬಹುದು. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುವ ಈ ಜೋಡಣೆಗೆ ಟೆಕ್ಸಸ್ ರಿಗ್ ಎನ್ನುತ್ತಾರೆ. ಮೊನೆ ಹೊರಗಿಲ್ಲದ್ದರಿಂದ ಜೊಂಡಿನ ನಡುವೆ, ಮರದ ಕೊಂಬೆಗಳ ನಡುವೆ ಸಿಕ್ಕಿಕೊಳ್ಳದೆ ಸಾಗುತ್ತದೆ. ಹತ್ತಿಪ್ಪತ್ತು ಡಾಲರಿನ ಗಟ್ಟಿ ಪ್ಲಾಸ್ಟಿಕ್ ಲ್ಯೂರ್ ಅಲ್ಲಿ ಮೂರನೇ ಎಸೆತಕ್ಕೇ ಮರದ ಪಾಲಾಗಬಹುದು. ಬಣ್ಣಗಳ ಸಂಗ್ರಹಕ್ಕೆ ಹಣ ಹಾಕುವುದು ಹೊಸಬರ ಅತಿ ದೊಡ್ಡ ಪೋಲು ಎಂದೇ ನನ್ನ ಅಭಿಪ್ರಾಯ.

ಅಲ್ಲಿ ಉಳಿಸಿದ ಹಣವನ್ನು ರಬ್ಬರ್ ಲೇಪದ ಕೈಬಲೆಗೂ ಉದ್ದ ಮೂತಿಯ ಇಕ್ಕಳಕ್ಕೂ ಕೊಡಿ. ದೊಡ್ಡ ಬಾಸ್‌ಗಳು ಹೆಚ್ಚಾಗಿ ಹೆಣ್ಣು, ಆ ಗಾತ್ರಕ್ಕೆ ಬೆಳೆಯಲು ವರ್ಷಗಳೇ ಬೇಕು. ಒರಟು ಬಲೆ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ, ಆಮೇಲೆ ಸೋಂಕು ತಗಲುತ್ತದೆ. ಭಾರದ ಮೀನನ್ನು ಬರೀ ದವಡೆ ಹಿಡಿದು ನೇತಾಡಿಸಬೇಡಿ, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಬೇಗ ನೀರಿಗೆ ಬಿಡಿ. ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಅನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಆ ರಾಜ್ಯದ ದಾಖಲೆಯ 18.18 ಪೌಂಡಿನ ಮೀನು 1992ರಲ್ಲಿ ಸಿಕ್ಕಿದ್ದು ಅದೇ ನೀರಿನಲ್ಲಿ.

ಟೆಕ್ಸಸ್‌ನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ಸ್ಟೇಟ್ ಪಾರ್ಕ್‌ನೊಳಗೆ ದಡದಿಂದ ಗಾಳ ಹಾಕಲು ಲೈಸೆನ್ಸ್ ಬೇಕಿಲ್ಲ, ಕೆಲವು ಪಾರ್ಕ್‌ಗಳಲ್ಲಿ ಕೋಲು, ರೀಲು, ಸಾಮಾನಿನ ಪೆಟ್ಟಿಗೆಯನ್ನು ಎರವಲೂ ಕೊಡುತ್ತಾರೆ. ಅಂಗಡಿಗೆ ಹೋಗುವ ಮುನ್ನ ಒಂದು ವಾರಾಂತ್ಯ ಅಲ್ಲಿಗೆ ಹೋಗಿ, ಎಸೆದು ನೋಡಿ.