ಪಾಠದ ಡಬ್ಬಿ ಯಾವುದು ಒಳ್ಳೇದು?



ಈ ಸಲ ಅಡುಗೆಮನೆಯ ಮಾತು ಸ್ವಲ್ಪ ಬದಿಗಿಡೋಣ. ಭಾಲ್ಕಿಯಿಂದ ಸೋದರಿಯೊಬ್ಬರ ಪತ್ರ ಬಂದಿದೆ. ಮಗಳ ಶಾಲೆಯಲ್ಲಿ ಪಾಲಕರ ಸಭೆ ಕರೆದು, ಬರುವ ವರ್ಷದಿಂದ ಹೋಂವರ್ಕು, ಸಣ್ಣಪುಟ್ಟ ಪರೀಕ್ಷೆ ಎಲ್ಲಾ ಆನ್‌ಲೈನಿನಲ್ಲೇ ಎಂದು ಹೇಳಿದ್ದಾರಂತೆ. "ಗೂಗಲ್ ಕ್ಲಾಸ್‌ರೂಮ್ ಅಂತಾರ, ಮೂಡಲ್ ಅಂತಾರ, ದೀಕ್ಷಾ ಅಂತಾರ. ಯಾವುದು ಬೇಕು ಹೇಳ್ರಿ ಅಂತ ನಮ್ಮನ್ನೇ ಕೇಳ್ಯಾರ. ಎಲ್ಲಾರೂ ಮುಖ ಮುಖ ನೋಡಿಕೊಂಡು ಎದ್ದು ಬಂದ್ವಿ. ನೀವಾದ್ರೂ ಹೇಳ್ರಿ ಅಕ್ಕಾ" ಎಂದು ಬರೆದಿದ್ದಾರೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಕಲಿತವಳಲ್ಲ. ಆದರೆ ಮಿಕ್ಸಿ ಕೊಳ್ಳುವಾಗ ನಾವೇನು ಮೋಟಾರು ಬಿಚ್ಚಿ ನೋಡ್ತೀವಾ? ಜಾರು ಸೋರುತ್ತದೋ, ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತದೋ, ಕರೆಂಟು ಕಮ್ಮಿ ಇದ್ದಾಗಲೂ ತಿರುಗುತ್ತದೋ ಅಂತ ಕೇಳ್ತೀವಿ. ಇದನ್ನೂ ಹಾಗೇ ಕೇಳಬೇಕು. ನಮ್ಮ ಬೀದರಿನ ಮನೆ, ಭಾಲ್ಕಿಯ ನಾದಿನಿ ಮನೆ, ಔರಾದಿನ ಅಕ್ಕನ ಮನೆ, ಮೂರು ಮನೆಯಲ್ಲೂ ಮೂರು ಬಗೆ ನಡೆದಿದೆ. ಕಂಡದ್ದನ್ನು ಹೇಳ್ತೀನಿ.

ಮೊದಲು ಒಂದು ಮಾತು. ವಾಟ್ಸಾಪ್ ಗುಂಪು ಬೇರೆ, ಈ ವ್ಯವಸ್ಥೆಗಳು ಬೇರೆ. ವಾಟ್ಸಾಪ್ ಅಂದರೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಇದ್ದಂತೆ. ಪಾಠದ ಪಕ್ಕದಲ್ಲೇ ಹಬ್ಬದ ಶುಭಾಶಯ, ಅದರ ಪಕ್ಕದಲ್ಲಿ ಇನ್ಯಾರದೋ ಹುಟ್ಟುಹಬ್ಬ. ಹೋದ ತಿಂಗಳ ಲೆಕ್ಕ ಹುಡುಕಬೇಕೆಂದರೆ ಸಾಕುಬೇಕಾಗುತ್ತದೆ. ಕಲಿಕೆಯ ವ್ಯವಸ್ಥೆ ಎಂದರೆ ಮಸಾಲೆ ಡಬ್ಬಿ. ಗಣಿತ ಒಂದು ಬಟ್ಟಲಲ್ಲಿ, ವಿಜ್ಞಾನ ಇನ್ನೊಂದರಲ್ಲಿ. ಯಾವ ಮಗು ಏನು ಬರೆಯಿತು, ಎಷ್ಟು ಅಂಕ ಬಂತು ಎಲ್ಲಾ ಅಲ್ಲೇ ಉಳಿಯುತ್ತದೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವಲ್ಲ, ಆಗ ಅವಸರವಸರದಲ್ಲಿ ಇವೆಲ್ಲ ನಮ್ಮ ಮನೆ ಹೊಕ್ಕವು. ಆ ವರ್ಷ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ತಂದಾಗ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಮೊಬೈಲೇ ಇಲ್ಲದವರು, ಸಾದಾ ಮೊಬೈಲ್ ಇರುವವರು, ಇಂಟರ್‌ನೆಟ್ಟಿನ ಮೊಬೈಲ್ ಇರುವವರು. ಮಾಸ್ತರರು ಹಳ್ಳಿಗೇ ಬಂದು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆ ಮೂರು ಗುಂಪಿನ ಲೆಕ್ಕ ನನಗೆ ಈಗಲೂ ಸರಿ ಅನಿಸುತ್ತದೆ. ಯಾವ ವ್ಯವಸ್ಥೆ ಒಳ್ಳೇದು ಅನ್ನುವ ಮೊದಲು, ನಮ್ಮ ಮನೆ ಯಾವ ಗುಂಪಿನದು ಅಂತ ನೋಡಬೇಕಲ್ಲವೇ?

ಈಗ ಔರಾದಿನ ಮಾತು. ಅಕ್ಕನ ಮಗಳು ಒಂಬತ್ತನೇ ಇಯತ್ತೆ. ಗಣಿತದ ಮಾಸ್ತರರು ಗೂಗಲ್ ಕ್ಲಾಸ್‌ರೂಮ್ ಇಟ್ಟುಕೊಂಡಿದ್ದಾರೆ. 2014ರಲ್ಲಿ ಬಂದದ್ದು ಇದು, ದುಡ್ಡು ಕೊಡಬೇಕಿಲ್ಲ. ಮಾಸ್ತರರು ಕೊಟ್ಟ ಗುರುತಿನ ಅಕ್ಷರ ಹಾಕಿ ತರಗತಿ ಸೇರಬೇಕು. ಲೆಕ್ಕ ಮಾಡಿ, ನೋಟ್‌ಬುಕ್ಕಿನ ಫೋಟೋ ತೆಗೆದು ಕಳಿಸಬೇಕು. ಅವರು ತಿದ್ದಿ ಅಂಕ ಹಾಕಿ ವಾಪಸು ಕೊಡ್ತಾರೆ. ಬಲು ಅಚ್ಚುಕಟ್ಟು. ಒಂದೇ ಫೋನಿನಲ್ಲಿ ಇಬ್ಬರು ಮಕ್ಕಳ ಖಾತೆಯನ್ನೂ ಇಟ್ಟುಕೊಳ್ಳಬಹುದು.

ಆದರೆ ಅಕ್ಕನ ಮನೆಯಲ್ಲಿ ಇರೋದು ಒಂದೇ ದೊಡ್ಡ ಫೋನು. ಸೋಯಾ ರಾಶಿಯ ದಿನಗಳಲ್ಲಿ ಭಾವ ಅದನ್ನು ಕಿಸೆಯಲ್ಲಿಟ್ಟುಕೊಂಡು ನಸುಕಿನಲ್ಲೇ ಹೊಲಕ್ಕೆ ಹೋದರೆ ಬರೋದು ರಾತ್ರಿ. ಹುಡುಗಿ ಲೆಕ್ಕ ಮಾಡಿ ಇಟ್ಟಿರ್ತಾಳೆ, ಕಳಿಸಲಿಕ್ಕೆ ಫೋನಿಲ್ಲ. ಕೊಟ್ಟ ವಾಯಿದೆ ದಾಟಿತೆಂದರೆ ಆ ವ್ಯವಸ್ಥೆ ತಾನಾಗೇ ಕೆಂಪಕ್ಷರದಲ್ಲಿ 'ಮಿಸ್ಸಿಂಗ್' ಎಂದು ತೋರಿಸುತ್ತದೆ. ಒಂದಲ್ಲ, ಸಾಲಾಗಿ ಐದು ಕೆಂಪು. ಭಾವ ಅದನ್ನು ನೋಡಿ, "ಇಕಿ ಓದಲ್ಲ ಏನಿಲ್ಲ, ಹತ್ತನೇದು ಆದ ಮ್ಯಾಲ ಸಾಕು ಬಿಡ್ರಿ" ಅಂದುಬಿಟ್ಟರು. ಒಂದು ಸಂಬಂಧದ ಮಾತೂ ಬಂತು ಅನ್ನಿ. ತಂದೆಯ ಕಿಸೆಯಲ್ಲಿದ್ದ ಫೋನು, ತಪ್ಪು ಮಾತ್ರ ಮಗಳದು!

ಅಕ್ಕ ಸುಮ್ಮನೆ ಕೂಡಲಿಲ್ಲ. ನೋಟ್‌ಬುಕ್ ಸೆರಗಿನಲ್ಲಿ ಇಟ್ಟುಕೊಂಡು ಶಾಲೆಗೆ ನಡೆದಳು. "ಸರ್, ಐದಕ್ಕೆ ಐದೂ ಮಾಡ್ಯಾಳ, ನೋಡ್ರಿ" ಎಂದು ಮುಂದೆ ಇಟ್ಟಳು. ಮಾಸ್ತರರು ಒಳ್ಳೆಯವರು. ವಾಯಿದೆ ಹಾಕೋದು ಬಿಡೋದು ತಮ್ಮ ಕೈಯಲ್ಲೇ ಇದೆ ಎಂದು ಹೇಳಿ, ಅಲ್ಲೇ ನೋಡಿ ಅಂಕ ಹಾಕಿದರು. ಅಂದಿನಿಂದ ಫೋನಿಲ್ಲದ ಮಕ್ಕಳು ಬೆಳಿಗ್ಗೆ ನೋಟ್‌ಬುಕ್ ತೋರಿಸಿದರೂ ನಡೆಯುತ್ತದೆ. ಆದರೆ ಭಾವನ ಮನಸ್ಸಿನಿಂದ ಆ ಕೆಂಪು ಇನ್ನೂ ಪೂರ್ತಿ ಹೋಗಿಲ್ಲ.

ಇದೇ ಕ್ಲಾಸ್‌ರೂಮಿನಲ್ಲಿ ಶಾಲೆಯ ಖಾತೆ ಇದ್ದರೆ, ಬಾಕಿ ಕೆಲಸದ ಪಟ್ಟಿಯನ್ನು ಪಾಲಕರಿಗೆ ಈಮೇಲಿನಲ್ಲಿ ಕಳಿಸುವ ಅನುಕೂಲವೂ ಉಂಟು. ಚೆಂದವೇ. ಆದರೆ ಈಮೇಲು ತೆಗೆದು ನೋಡುವವರು ನಮ್ಮಲ್ಲಿ ಎಷ್ಟು ಜನ, ನೀವೇ ಹೇಳಿ.

ಭಾಲ್ಕಿಯ ನಾದಿನಿಯ ಮಗ ಸರ್ಕಾರಿ ಶಾಲೆ. ಅವರದು ದೀಕ್ಷಾ. 2017ರ ಶಿಕ್ಷಕರ ದಿನಾಚರಣೆಯಂದು ಕೇಂದ್ರ ಸರ್ಕಾರ ಆರಂಭಿಸಿದ್ದು. ಪಠ್ಯಪುಸ್ತಕದಲ್ಲಿ ಕಪ್ಪು ಚುಕ್ಕೆಗಳ ಚೌಕ ಇರುತ್ತದಲ್ಲ, ಕ್ಯೂಆರ್ ಕೋಡ್, ಅದಕ್ಕೆ ಫೋನು ಹಿಡಿದರೆ ಆ ಪಾಠದ ವಿಡಿಯೋ ಬರುತ್ತದೆ. ನೆಟ್ ಇರುವಲ್ಲಿ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ನಾದಿನಿ ಭಾನುವಾರ ಬೀದರಿಗೆ ಬಂದಾಗ ನಮ್ಮ ಮನೆಯಲ್ಲೇ ವಾರದ್ದೆಲ್ಲ ಇಳಿಸಿಕೊಂಡು ಹೋಗ್ತಾಳೆ, ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿ! ಕನ್ನಡವಷ್ಟೇ ಅಲ್ಲ, ಉರ್ದು, ಮರಾಠಿಯಲ್ಲೂ ಪಾಠಗಳಿವೆ. ನಮ್ಮ ಗಡಿ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಆದರೆ ದೀಕ್ಷಾ ಹೆಚ್ಚಾಗಿ ಕೊಡುವ ಕೈ. ನೋಟ್‌ಬುಕ್ ತಿದ್ದಿಸಿಕೊಳ್ಳಲು ಮಗ ಮಾಸ್ತರರ ಹತ್ತಿರವೇ ಹೋಗಬೇಕು. ಹೋಗಲಿ ಬಿಡಿ, ಅದು ಕೊರತೆ ಅಂತ ನನಗೆ ಅನಿಸಿಲ್ಲ.

ಮೂರನೆಯದು ಮೂಡಲ್. ಇದರ ಕಥೆ ಕೇಳಿ ನನಗೆ ಸೋಜಿಗವಾಯ್ತು. ಇದನ್ನು ಮಾಡಿದ ಮಾರ್ಟಿನ್ ಡೂಗಿಯಾಮಸ್ ಎಂಬಾತ ಚಿಕ್ಕಂದಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೆಳೆದವನು. ಹತ್ತಿರ ಶಾಲೆಯಿಲ್ಲ, ಪಾಠ ರೇಡಿಯೋದಲ್ಲಿ, ಕಾಗದಪತ್ರ ವಿಮಾನದಲ್ಲಿ. ದೂರ ಇರುವ ಮಗುವಿನ ಕಷ್ಟ ಅವನಿಗೆ ಗೊತ್ತಿತ್ತು ಅನ್ನಿ. 2002ರಲ್ಲಿ ಮೂಡಲ್ ಹೊರಬಂತು. ಯಾರು ಬೇಕಾದರೂ ದುಡ್ಡಿಲ್ಲದೆ ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಮಾಸ್ತರರು ಅನುಮತಿ ಕೊಟ್ಟಿದ್ದರೆ ಅದರ ಮೊಬೈಲ್ ಆ್ಯಪಿನಲ್ಲಿ ನೆಟ್ ಇಲ್ಲದಾಗಲೂ ಪರೀಕ್ಷೆ ಬರೆದಿಟ್ಟು, ನೆಟ್ ಬಂದಾಗ ಕಳಿಸಬಹುದು. ಅಕ್ಕನ ಮನೆಗೆ ಇಂಥದೇ ಬೇಕಿತ್ತು. ಆದರೆ ಪುಕ್ಕಟೆ ಹಸು ಸಿಕ್ಕರೂ ಮೇವು ಹಾಕುವವರು ಬೇಕಲ್ಲ! ಮೂಡಲ್ ನಡೆಸಲು ಶಾಲೆಗೆ ಸರ್ವರ್ ಬೇಕು, ನೋಡಿಕೊಳ್ಳುವ ಜಾಣರು ಬೇಕು. ಸಣ್ಣ ಶಾಲೆಗೆ ಭಾರ. ಕಾಲೇಜುಗಳಿಗೆ ಹೊಂದುತ್ತದೆ.

ಕಾಲೇಜೆಂದರೆ ನೆನಪಾಯ್ತು, ನಮ್ಮ ರಾಜ್ಯ ಸರ್ಕಾರವೇ 2021ರ ಫೆಬ್ರುವರಿಯಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳಿಗಾಗಿ ಒಂದು ಕಲಿಕಾ ವ್ಯವಸ್ಥೆ ಶುರುಮಾಡಿತು. ನನ್ನ ಮಗಳು ಬೀದರಿನಲ್ಲಿ ಪದವಿ ಓದಿದ್ದು ಆ ದಿನಗಳಲ್ಲೇ. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ರಾತ್ರಿ ಮತ್ತೆ ತೆಗೆದು ಓದುತ್ತಿದ್ದಳು. ಅವಳ ಕೈಯಲ್ಲಿ ಅವಳದೇ ಫೋನಿತ್ತು, ಅದಕ್ಕೇ ಸಾಗಿತು. ನಮ್ಮೂರಿನ ಮಹಮೂದ್ ಗವಾನ್ ಮದರಸಾ ನೋಡಿದ್ದೀರಲ್ಲ, 1472ರದು? ಅಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವಂತೆ, ಓದಲು ಬಂದವರಿಗೆ ಊಟ ವಸತಿಯೂ ಅಲ್ಲೇ. ಈಗ ಪುಸ್ತಕವೇ ಮನೆಗೆ ಬರುತ್ತದೆ, ಆದರೆ ತೆರೆಯುವ ಕೀಲಿಕೈ ಮನೆಗೆ ಒಂದೇ. ಅದು ಮೊದಲು ಗಂಡಸರಿಗೆ, ಆಮೇಲೆ ಗಂಡುಮಗನಿಗೆ, ಮಿಕ್ಕರೆ ಹುಡುಗಿಗೆ.

ಇನ್ನೊಂದು ಎಚ್ಚರಿಕೆ. ಎಡ್ಮೋಡೊ ಎಂಬ ವ್ಯವಸ್ಥೆ 2008ರಿಂದ ಲೋಕದ ಎಷ್ಟೋ ಶಾಲೆಗಳಲ್ಲಿ ನಡೆದು, 2022ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಆದ್ದರಿಂದ ಮಕ್ಕಳ ಅಂಕಪಟ್ಟಿ, ಮುಖ್ಯವಾದ ಟಿಪ್ಪಣಿ ಕಾಗದದ ಮೇಲೂ ಇರಲಿ.

ಭಾಲ್ಕಿಯ ಸೋದರಿ, ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಮ್ಮದು ಸಣ್ಣ ಶಾಲೆಯಾದರೆ ಮೂಡಲ್ ಬೇಡ. ಕ್ಲಾಸ್‌ರೂಮ್ ಇರಲಿ, ಜೊತೆಗೆ ಪಾಠಕ್ಕೆ ದೀಕ್ಷಾ. ಆದರೆ ಸಭೆಯಲ್ಲಿ ಹೆಸರು ಹೇಳಿ ಸುಮ್ಮನಾಗಬೇಡಿ, ಎದ್ದುನಿಂತು ಕೇಳಿ: ವಾಯಿದೆ ಎಷ್ಟು ದಿನದ್ದು? ಫೋನಿಲ್ಲದ ಮಗು ನೋಟ್‌ಬುಕ್ ತೋರಿಸಿದರೆ ಅಂಕ ಕೊಡ್ತೀರಾ? ಕೆಂಪಕ್ಷರ ಬಂದರೆ ಅಪ್ಪನಿಗೆ ಹೇಳುವ ಮೊದಲು ಮಗುವನ್ನು ಕೇಳ್ತೀರಾ? ಒಬ್ಬರೇ ಕೇಳಲು ಸಂಕೋಚವಾದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ತಾಸು ಫೋನು ಮಗಳದು ಎಂದು ನಿಮ್ಮವರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಅಕ್ಕ ಔರಾದಿನಲ್ಲಿ ಹಾಗೇ ಮಾಡಿದ್ದಾಳೆ. ವಾರದಲ್ಲಿ ನಾಲ್ಕು ದಿನ ನಡೆಯುತ್ತದೆ, ಮೂರು ದಿನ ಜಗಳ ಆಗುತ್ತದೆ.

ಸಭೆಯಲ್ಲಿ ಶಾಲೆಯವರು ಏನೆಂದರು, ತಪ್ಪದೆ ಬರೆಯಿರಿ.